ಹುಲಿಹೈದರದ ಕಲ್ಲು, ಗಂಗಾವತಿಯ ಯಂತ್ರ

೨೦೦೪ರ ಏಪ್ರಿಲ್ ೧೭, ಶನಿವಾರ. ತಾರಣ ಸಂವತ್ಸರದ ಚೈತ್ರ ಬಹುಳ ತ್ರಯೋದಶಿ. ಆಕರ: ಆ ವರ್ಷದ ಪಂಚಾಂಗ, ನನ್ನ ಸ್ವಂತ ಪ್ರತಿ. ಆ ದಿನದ ಎದುರಿನ ಅಂಚಿನಲ್ಲಿ ನಾನೇ ಪೆನ್ಸಿಲಿನಿಂದ ಬರೆದ ಎರಡು ಪದಗಳಿವೆ: “ಮತ್ತೆ ಸತ್ತಿತು.” ಓದುಗರು ಗಾಬರಿಗೊಳ್ಳಬೇಕಿಲ್ಲ. ಸತ್ತದ್ದು ಮನುಷ್ಯನೂ ಅಲ್ಲ, ದನವೂ ಅಲ್ಲ. ನನ್ನ ಮೇಜಿನ ಮೇಲಿದ್ದ ಗಣಕಯಂತ್ರ. ಪೆನ್ಸಿಲಿನ ಮೊನೆ ಮುರಿದು ಕಾಗದ ಹರಿದಿರುವುದರಿಂದ, ಬರೆಯುವಾಗ ನನ್ನ ಮನಃಸ್ಥಿತಿ ಹೇಗಿತ್ತೆಂಬುದಕ್ಕೆ ಬೇರೆ ಪುರಾವೆ ಬೇಡ.

ಇದೆಲ್ಲ ನೆನಪಾದದ್ದು ಇಂದು ಬೆಳಿಗ್ಗೆ, ಕೊಪ್ಪಳದ ನಮ್ಮ ಮನೆಯ ಮಾಳಿಗೆಯ ಮೇಲೆ. ನನ್ನ ಹೆಂಡತಿ ಗಿರಿಜೆ ಸಂಡಿಗೆ ಒಣಹಾಕಿದ್ದಳು. ಸಂಡಿಗೆ ಕೂತಿದ್ದ ತಗಡನ್ನು ನೋಡಿದರೆ, ಅದು ಆ ಗಣಕಯಂತ್ರದ ಪಕ್ಕದ ಮುಚ್ಚಳ. ಒಂದು ಮೂಲೆಯಲ್ಲಿ ಗಾಳಿಯಾಡುವ ರಂಧ್ರಗಳು ಈಗಲೂ ಇವೆ. “ಇದನ್ನ ಇನ್ನೂ ಇಟ್ಟೀಯೇನು?” ಎಂದೆ. “ಛಲೋ ತಗಡು ಐತಿ, ಯಾಕ ಒಗೀಲಿ? ನಿಮ್ಮ ಸಿಟ್ಟು ಇನ್ನೂ ಇಟ್ಟೀರಲ್ಲ, ಹಂಗ ನಾನು ಇದನ್ನ ಇಟ್ಟೀನಿ” ಎಂದಳು. ಉತ್ತರ ನಿಖರವಾಗಿದ್ದುದರಿಂದ ಕೆಳಗಿಳಿದು ಬಂದು ಪಂಚಾಂಗ ತೆಗೆದೆ.

ಸಿಟ್ಟನ್ನು ಸರಿಯಾದ ಕ್ರಮದಲ್ಲಿ ವಿವರಿಸಬೇಕೆಂದರೆ ಹಿಂದಕ್ಕೆ ಹೋಗಬೇಕು. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಕಚೇರಿಗಳ ಫಲಕಗಳನ್ನೆಲ್ಲ ಹೊಸದಾಗಿ ಬರೆಸುವ ಭರಾಟೆ ನಡೆದಿತ್ತು. ಶಾಸನ ಸಂಶೋಧನೆಯಲ್ಲಿ ತಲೆ ನರೆಸಿಕೊಂಡಿದ್ದ ನನಗೂ ಒಂದು ಹುರುಪು ಬಂತು: ಹೊಸ ಜಿಲ್ಲೆಯ ನಾಲ್ಕು ತಾಲ್ಲೂಕುಗಳ, ಎಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಗಳ ಶಾಸನಗಳಲ್ಲಿ ಬರುವ ಪ್ರತಿಯೊಂದು ತಿಥಿಯನ್ನೂ ಲೆಕ್ಕ ಹಾಕಿ ಪರಿಶೀಲಿಸಿದ ಒಂದು ಸಂಪುಟವನ್ನು ತರಬೇಕು. ಕಾಲೇಜಿನ ಪಾಠದಿಂದ ನಿವೃತ್ತನಾದ ಮೇಲೆ ಅದೇ ನನ್ನ ನೌಕರಿಯಾಯಿತು. ವಿಶ್ವವಿದ್ಯಾಲಯದ ಗೆಳೆಯರೊಬ್ಬರು ಸೂರ್ಯಚಂದ್ರರ ಗತಿಯನ್ನು ಲೆಕ್ಕ ಹಾಕಿ, ಶತಮಾನಗಳ ತಿಥಿವಾರಗಳನ್ನು ಸಾಲಾಗಿ ಒದಗಿಸುವ ತಂತ್ರಾಂಶವೊಂದನ್ನು ಬರೆದುಕೊಟ್ಟರು. ಅದನ್ನು ನಡೆಸಲು ಗಣಕಯಂತ್ರ ಬೇಕಾಯಿತು. ಬಂದ ಉತ್ಸಾಹದಲ್ಲಿ ತಿಥಿ ಲೆಕ್ಕದ ನನ್ನ ಹಳೆಯ ಕೋಷ್ಟಕ ಗ್ರಂಥಗಳನ್ನೆಲ್ಲ ಕಾಲೇಜಿನ ಗ್ರಂಥಾಲಯಕ್ಕೆ ದಾನ ಮಾಡಿಬಿಟ್ಟೆ. ಅವರು ನನಗೆ ಶಾಲು ಹೊದಿಸಿದರು. ಆ ಶಾಲಿಗಿಂತ ದುಬಾರಿಯಾದ ಶಾಲನ್ನು ನಾನು ಈವರೆಗೆ ಹೊದ್ದಿಲ್ಲ.

ಯಂತ್ರವನ್ನು ಕಟ್ಟಿಕೊಟ್ಟವನು ವೀರೇಶ, ಗಿರಿಜೆಯ ತಮ್ಮ. ಗಂಗಾವತಿಯಲ್ಲಿ ಅವನ ಅಂಗಡಿ. ಅದೇ ಜಾಗದಲ್ಲಿ ಮೊದಲು ನನ್ನ ಮಾವನವರ ಮೋಟಾರು ವೈಂಡಿಂಗ್ ಅಂಗಡಿಯಿತ್ತು. ಮದುವೆಯಾದ ಹೊಸತರಲ್ಲಿ ಅಲ್ಲಿಗೆ ಹೋದಾಗಲೆಲ್ಲ ವಾರ್ನಿಷಿನ ವಾಸನೆ ಅಂಗಿಗೆ ಅಂಟಿಕೊಂಡು ಮನೆಯವರೆಗೂ ಬರುತ್ತಿತ್ತು. ಕಾಲುವೆಯಿಂದ ನೀರೆತ್ತುವ ಸುತ್ತಲಿನ ರೈತರ ಪಂಪುಗಳು ಸುಟ್ಟು ಅಲ್ಲಿಗೆ ಬರುತ್ತಿದ್ದವು. ಮಾವನವರು ಸುಟ್ಟ ತಾಮ್ರದ ತಂತಿಯನ್ನು ಕಿತ್ತು, ಹೊಸ ತಂತಿ ಸುತ್ತಿ ಕಳಿಸುತ್ತಿದ್ದರು. ಮೋಟಾರಿನ ಮೈಮೇಲಿನ ಫಲಕ “ಐದು ಅಶ್ವಶಕ್ತಿ” ಎನ್ನುತ್ತಿತ್ತು. ಒಳಗೆ ಅವರು ಸುತ್ತುತ್ತಿದ್ದದ್ದು ಏಳೂವರೆಯದು. ಗಂಗಾವತಿಯ ಕಡೆ ಇದು ಗುಟ್ಟೇನೂ ಅಲ್ಲ. ರೈತರೇ ಬಂದು, “ಪ್ಲೇಟು ಐದರದ್ದ ಇರ್ಲಿ ಅಣ್ಣಾರ, ಒಳಗ ಜರಾ ಜೋರ್ ಮಾಡ್ರಿ” ಎಂದು ಕೇಳಿ ಮಾಡಿಸಿಕೊಳ್ಳುತ್ತಿದ್ದರು. ಬರೆದದ್ದೊಂದು, ಇರುವುದೊಂದು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಕೂಟಶಾಸನ, ಎಂದರೆ ನಕಲಿ ಶಾಸನ, ಎನ್ನುತ್ತಾರೆ. ಮಾವನವರ ಎದುರಿಗೆ ಈ ಪಾರಿಭಾಷಿಕ ಪದವನ್ನು ಬಳಸುವ ಧೈರ್ಯ ನನಗಿರಲಿಲ್ಲ, ಮದುವೆ ಹೊಸದು.

ಯಂತ್ರ ಬಂದದ್ದು ೨೦೦೩ರ ಡಿಸೆಂಬರಿನಲ್ಲಿ. ಚಳಿಗಾಲದುದ್ದಕ್ಕೂ ಸೌಮ್ಯವಾಗಿ ನಡೆದುಕೊಂಡಿತು. ಮಾರ್ಚ್ ಬಂತು, ಕೊಪ್ಪಳದ ಬಂಡೆಗಳು ಹಗಲೆಲ್ಲ ನುಂಗಿದ ಬಿಸಿಲನ್ನು ಸಂಜೆ ಊರ ಮೇಲೆ ಉಗುಳತೊಡಗಿದವು, ಯಂತ್ರ ಸಾಯತೊಡಗಿತು. ಸಾಯುವ ಕ್ರಮ ಹೀಗೆ: ತಿಥಿಗಳ ಸಾಲು ಒಂದೊಂದಾಗಿ ಪರದೆಯ ಮೇಲೆ ಏರುತ್ತಿರುವಾಗ ಏಕಾಏಕಿ ಎಲ್ಲವೂ ನಿಂತು, ಪರದೆ ನೀಲಿಯಾಗಿ, ಅದರ ಮೇಲೆ ಯಾವ ಲಿಪಿಶಾಸ್ತ್ರಜ್ಞನೂ ಅರ್ಥ ಹಚ್ಚಲಾರದ ಬಿಳಿಯ ಅಕ್ಷರಗಳು ಮೂಡುತ್ತಿದ್ದವು. ಮತ್ತೆ ಮೊದಲಿನಿಂದ ಆರಂಭಿಸಬೇಕು. ನಡುವಿನಿಂದ ಹಿಡಿದುಕೊಂಡು ಹೋಗುವುದು ಆ ತಂತ್ರಾಂಶಕ್ಕೆ ಬರುತ್ತಿರಲಿಲ್ಲ.

ಆಮೇಲೆ ಶುರುವಾಯಿತು ಸಲಹೆಗಳ ಕಾಲ. ನನ್ನ ಸಿಟ್ಟಿನ ಹೆಚ್ಚಿನ ಪಾಲು ಯಂತ್ರದ ಮೇಲಲ್ಲ, ಈ ಸಲಹೆಗಳ ಮೇಲೆ. “ಬಂದ್ ಮಾಡಿ ಚಾಲೂ ಮಾಡ್ರಿ” ಎಂಬುದನ್ನು ಕೇಳದ ದಿನವಿರಲಿಲ್ಲ. ಜ್ವರ ಬಂದವನಿಗೆ ಯಾವ ವೈದ್ಯನಾದರೂ ಸತ್ತು ಹುಟ್ಟಿ ಬಾ ಎನ್ನುತ್ತಾನೆಯೇ? ವೀರೇಶ ಫೋನಿನಲ್ಲಿ, “ವೋಲ್ಟೇಜ್ ಪ್ರಾಬ್ಲಂ ಮಾವಾರ, ಹಳ್ಳ್ಯಾಗ ಮೋಟರ್ ಚಾಲೂ ಆದ್ರ ಕರೆಂಟ್ ಬೀಳತೈತಿ” ಎಂದ. ಸ್ಟೆಬಿಲೈಸರ್ ತರಿಸಿದೆ. ಅದು ಟಕಟಕ ಸದ್ದು ಮಾಡಿ ತಾನು ಕೆಲಸದಲ್ಲಿರುವುದನ್ನು ಸಾರಿತು, ಯಂತ್ರ ಸತ್ತಿತು. “ಅರ್ಥಿಂಗ್ ಒಣಗೈತಿ, ದಿನಾ ನೀರ ಹಾಕ್ರಿ” ಎಂದ. ಹಿತ್ತಲಲ್ಲಿ ಉಪ್ಪು ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಗೆ ದಿನಾ ಬೆಳಿಗ್ಗೆ ಕೊಡದಿಂದ ನೀರೆರೆದೆ. ಪಕ್ಕದ ಕರಿಬೇವಿನ ಗಿಡ ಮಾತ್ರ ಆ ಬೇಸಿಗೆಯಲ್ಲಿ ಕಂಡರಿಯದಷ್ಟು ಚಿಗುರಿತು. ಗಿರಿಜೆ ಯಂತ್ರಕ್ಕೆಂದು ಕ್ರೋಷಾದಿಂದ ಹೆಣೆದಿದ್ದ ಹೊದಿಕೆಯನ್ನು ತೆಗೆಸಿದೆ, ಅವಳು ಮುನಿಸಿಕೊಂಡಳು. ಕೊನೆಗೆ ಪಕ್ಕದ ಮುಚ್ಚಳವನ್ನೇ ಬಿಚ್ಚಿ ಟೇಬಲ್ ಫ್ಯಾನನ್ನು ಯಂತ್ರದ ಹೊಟ್ಟೆಗೆ ಮುಖಮಾಡಿ ಇಟ್ಟೆ. ಮನೆಯಲ್ಲಿದ್ದದ್ದು ಒಂದೇ ಟೇಬಲ್ ಫ್ಯಾನು. ಗಾಳಿ ಯಂತ್ರಕ್ಕೆ, ಬೆವರು ನನಗೆ. ಬಿಚ್ಚಿಟ್ಟ ಮುಚ್ಚಳದ ಮೇಲೆ ಮರುದಿನವೇ ಸಂಡಿಗೆ ಕಾಣಿಸಿಕೊಂಡಿತು.

ಇಷ್ಟೆಲ್ಲ ನಡೆದಿದ್ದು ನನ್ನ ಸಂಪುಟಕ್ಕಾಗಿ ಮಾತ್ರವಾಗಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಆದರೆ ಆ ಹೊತ್ತಿಗೆ ಹನುಮಂತಪ್ಪ ಮಾಸ್ತರರ ಕಲ್ಲು ನಡುವೆ ಬಂದಿತ್ತು.

ಮಾಸ್ತರರು ಹುಲಿಹೈದರದವರು. ಊರು ಈಗ ಕನಕಗಿರಿ ತಾಲ್ಲೂಕಿನಲ್ಲಿದೆ. ಆಗ ಗಂಗಾವತಿ ತಾಲ್ಲೂಕಿನಲ್ಲಿತ್ತು. ಶಾಲೆಯಿಂದ ನಿವೃತ್ತರಾದ ಮೇಲೆ ಹೊಲಗಳ ಬದುವಿನಲ್ಲಿ ತಿರುಗುತ್ತ ಅವರು ಒಂದು ದಾನಶಾಸನವನ್ನು ಕಂಡುಹಿಡಿದಿದ್ದರು. ಕೆರೆಗೆ ಭೂಮಿ ಬಿಟ್ಟ ಸಣ್ಣ ಶಾಸನ. ಆದರೆ ತಿಥಿ, ವಾರ, ಸಂಕ್ರಾಂತಿ ಎಲ್ಲವನ್ನೂ ಒಳಗೊಂಡದ್ದು. ತೊಡಕು ಇಷ್ಟೇ: ಕಲ್ಲಿನಲ್ಲಿ ಹೇಳಿದ ವರ್ಷಕ್ಕೆ ಅಕ್ಷರಗಳ ರೂಪ ತುಸು ಹೊಸದೆನ್ನಿಸುತ್ತಿತ್ತು. ಯಾರೋ ನಂತರದ ಕಾಲದಲ್ಲಿ ಭೂಮಿಯ ಆಸೆಗೆ ಹುಟ್ಟಿಸಿದ್ದೇ, ಅಥವಾ ಸಾಚಾ ದಾಖಲೆಯ ಪ್ರತಿಯೇ? ನಿರ್ಣಯಿಸಲು ಒಂದೇ ದಾರಿ. ಆ ತಿಥಿ ಕಲ್ಲಿನಲ್ಲಿ ಹೇಳಿದಂತೆ ಆದಿವಾರವೇ ಬಿದ್ದಿದ್ದರೆ ಕಲ್ಲು ನಂಬತಕ್ಕದ್ದು. ಕೂಟಶಾಸನ ಹುಟ್ಟಿಸುವವನು ರಾಜನ ಹೆಸರನ್ನು ಸರಿಯಾಗಿ ಹಾಕುತ್ತಾನೆ, ವಾರದಲ್ಲಿ ಎಡವುತ್ತಾನೆ.

ವಾರದ ವಿಷಯದಲ್ಲಿ ನನಗೆ ಬಾಲ್ಯದಿಂದಲೂ ಒಂದು ಭಕ್ತಿ. ನಾನು ಹುಟ್ಟಿದ್ದು ಬೇವೂರಿನಲ್ಲಿ. ನನ್ನ ತಾಯಿಗೆ ಇಸವಿ ಗೊತ್ತಿರಲಿಲ್ಲ, ತಿಂಗಳುಗಳನ್ನು ಬಿತ್ತನೆಯಿಂದ ಗುರುತಿಸುತ್ತಿದ್ದಳು, ನನ್ನ ಜನ್ಮದಿನವನ್ನು ಶಾಲೆಯ ಹೆಡ್ ಮಾಸ್ತರರು ತಮಗೆ ತೋಚಿದಂತೆ ಬರೆದುಕೊಂಡಿದ್ದರು. ಆದರೆ ವಾರ ಮಾತ್ರ ಅವಳಿಗೆ ತಪ್ಪುತ್ತಿರಲಿಲ್ಲ. ಆ ದಿನ ಯಾವ ಊರಿನ ಸಂತೆಯೋ ಅದೇ ಆ ವಾರದ ಹೆಸರು. ಸಂತೆಯಿಲ್ಲದ ದಿನ ಬುಟ್ಟಿ ಹೊತ್ತು ಹೋಗಿ ಬರಿಗೈಲಿ ಬಂದವರನ್ನು ನಾನು ಊರಿನಲ್ಲಿ ಕಂಡಿಲ್ಲ. ರಾಜರು ಸುಳ್ಳಾಡಬಹುದು, ವಾರ ಆಡಲಾರದು. ಈ ಶ್ರದ್ಧೆಯ ಮೇಲೆ ನಾನು ಜೀವನವನ್ನೇ ಕಟ್ಟಿಕೊಂಡಿದ್ದೆ.

ಏಪ್ರಿಲ್ ೧೭ರ ಮಧ್ಯಾಹ್ನ ಮಾಸ್ತರರು ಬಸ್ಸಿಳಿದು ನೇರವಾಗಿ ಮನೆಗೆ ಬಂದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಯಂತ್ರದ ಎದುರಿಗೆ ಕೂತರು.

“ಸರ್ರ, ಗಟಾರದ ಕೆಲಸ ಬಂದೈತ್ರಿ ಊರಾಗ. ಕಾಂಟ್ರಾಕ್ಟರ ನನ್ನ ಕಲ್ಲ ಮ್ಯಾಲ ಕಣ್ಣ ಇಟ್ಟಾನ. ಹಾಸಾಕ ಭಾಳ ಛಲೋ ಕಲ್ಲು ಅಂತಾನ. ಪಂಚಾಯ್ತ್ಯಾಗ ಕೇಳಿದ್ರ, ಕೊಪ್ಪಳದ ಸರ್ ಇದು ಖರೇ ಶಾಸನ ಅಂತ ಬರದು ಕೊಡ್ಲಿ, ಸಾಲಿ ಅಂಗಳದಾಗ ನಿಲ್ಲಸ್ತೀವಿ, ಇಲ್ಲಂದ್ರ ಗಟಾರಕ್ಕ ಹಾಸ್ತೀವಿ ಅಂದಾರ.”

“ಇವತ್ತ ಹೇಳಿಬಿಡ್ತೀನಿ ಮಾಸ್ತರ” ಎಂದು ತಂತ್ರಾಂಶವನ್ನು ಚಾಲೂ ಮಾಡಿದೆ. ಇಬ್ಬರೂ ಕೂತು ನೋಡಿದೆವು. ಶತಮಾನಗಳು ಪರದೆಯ ಮೇಲೆ ಉರುಳಿದವು. ಹೊರಗೆ ಚುನಾವಣೆಯ ಜೀಪೊಂದು ಕೂಗುತ್ತ ಹೋಯಿತು. ಮಾಸ್ತರರ ಕಲ್ಲಿನ ಶತಮಾನ ಇನ್ನೇನು ಬರಬೇಕು, ಪರದೆ ನೀಲಿಯಾಯಿತು.

“ಏನಂತೈತ್ರಿ ಮಷೀನು?”

“ಸತ್ತೈತಿ.”

ಮಾಸ್ತರರು ಫ್ಯಾನಿನ ಎದುರು ಬಾಯಿ ತೆರೆದುಕೊಂಡಿದ್ದ ಯಂತ್ರವನ್ನು ಬಗ್ಗಿ ನೋಡಿದರು. “ನನ್ನ ಕಲ್ಲು ಅಷ್ಟು ನೂರು ವರ್ಷ ಬಿಸಲಾಗ ನಿಂತೈತ್ರಿ. ಇದಕ್ಕ ನೆರಳಾಗ, ಗಾಳಿ ಹಚಗೊಂಡು, ಒಂದು ಮಧ್ಯಾಹ್ನ ತಡಕೊಳ್ಳಾಕ ಆಗವಲ್ದಲ್ರಿ!” ಎಂದರು.

ಪೆನ್ಸಿಲ್ ಮುರಿದದ್ದು ಆಗಲೇ.

ಅವರು ಆ ರಾತ್ರಿ ಕೊಪ್ಪಳದಲ್ಲಿದ್ದ ಮಗಳ ಮನೆಯಲ್ಲಿ ಉಳಿದು ಮರುದಿನ ಹೊತ್ತೇರುವ ಮೊದಲೇ ಬಂದರು. ತಂಪು ಹೊತ್ತಿನಲ್ಲಿ ಯಂತ್ರವನ್ನು ಮತ್ತೆ ನಡೆಸಿದೆ. ಆಶ್ಚರ್ಯವೆಂಬಂತೆ ಈ ಸಲ ಕೊನೆ ಮುಟ್ಟಿತು. ಮಾಸ್ತರರ ತಿಥಿಯ ಎದುರಿಗೆ ಪರದೆಯಲ್ಲಿ ಬಂದ ವಾರ: ಬುಧವಾರ.

ಮಾಸ್ತರರು ಟೋಪಿಯ ಅಂಚನ್ನು ಬೆರಳಿನಿಂದ ಸವರುತ್ತ, “ಹಂಗಾರ ನನ್ನ ಕಲ್ಲು ಸುಳ್ಳೇನ್ರಿ?” ಎಂದರು. ಗಿರಿಜೆ ತಂದಿಟ್ಟ ಚಹಾ ಕೆನೆಗಟ್ಟಿತು.

ಒಂದೇ ಆಕರವನ್ನು ನಂಬಿ ತಿಥಿಯನ್ನು ಒಪ್ಪುವುದಾಗಲಿ ತಳ್ಳುವುದಾಗಲಿ ನನ್ನ ಅಭ್ಯಾಸವಲ್ಲ. ಬೇರೆ ಆಕರವೆಂದರೆ ನಾನೇ ದಾನ ಮಾಡಿದ ಕೋಷ್ಟಕಗಳು. ಗ್ರಂಥಾಲಯಕ್ಕೆ ಬೀಗ ಬಿದ್ದಿತ್ತು, ಗ್ರಂಥಪಾಲಕರು ಚುನಾವಣೆಯ ಕೆಲಸಕ್ಕೆ ಹೋಗಿದ್ದರು. ಬೇರೆ ದಾರಿ ಕಾಣದೆ ಅದೇ ಸಾಕ್ಷಿಯನ್ನು ಎರಡನೆಯ ಸಲ ಕೇಳಿದೆ. ಮತ್ತೆ ಮೊದಲಿನಿಂದ ಕೊನೆಯವರೆಗೆ. ಅದೇ ತಿಥಿ, ಅದೇ ವರ್ಷ, ಅದೇ ತಂತ್ರಾಂಶ. ಪರದೆಯಲ್ಲಿ ಬಂದದ್ದು: ಶುಕ್ರವಾರ.

ನಾನು ಕುರ್ಚಿಯಿಂದ ಎದ್ದು ನಿಂತೆ. ನಡೆದುಹೋದ ಒಂದು ದಿನ ಬುಧವಾರವಾಗಿರಬಹುದು, ಶುಕ್ರವಾರವಾಗಿರಬಹುದು. ತಿಂಡಿಗೆ ಮೊದಲು ಬುಧವಾರವಾಗಿದ್ದು ತಿಂಡಿಯ ನಂತರ ಶುಕ್ರವಾರವಾಗಲಾರದು. ಇದುವರೆಗೆ ಅದು ಸಾಯುತ್ತಿದೆ ಎಂದು ದುಃಖಿಸಿದ್ದೆ. ಸಾಯದೆ ಉಳಿದಾಗ ಸುಳ್ಳು ಹೇಳುತ್ತಿತ್ತು! ಈ ಮೊದಲು ಅದು ಹೇಳಿದ ತಿಥಿಗಳನ್ನೆಲ್ಲ ನಂಬಿ ಸಂಪುಟಕ್ಕೆ ಸೇರಿಸಿದ್ದೆನಲ್ಲ, ಅವುಗಳಲ್ಲಿ ಎಷ್ಟು ಸುಳ್ಳೋ!

ಮಾಸ್ತರರ ಮುಖದಲ್ಲಿ ಮಾತ್ರ ಜೀವ ಬಂದಿತ್ತು. “ಸರ್ರ, ಇನ್ನೊಂದೆರಡ ಸಲ ಕೇಳ್ರಿ. ಆದಿವಾರನೂ ಅಂದೀತು. ಅಂದ ಕೂಡಲೇ ಬಂದ್ ಮಾಡಿ, ಬರದು ಕೊಟ್ಟಬಿಡ್ರಿ.”

“ಮಾಸ್ತರ!”

“ಚಾಷ್ಟಿ ಮಾಡಿದ್ನಿರಿ” ಎಂದರು. ಪೂರ್ತಿ ಚೇಷ್ಟೆಯಾಗಿರಲಿಲ್ಲ.

“ಕಾಂಟ್ರಾಕ್ಟರನ್ನ ಸ್ವಲ್ಪ ದಿನ ತಡೀರಿ” ಎಂದೆ.

“ತಡಿಯೂದು ನನಗ ಬಿಡ್ರಿ. ನೀತಿಸಂಹಿತಿ ಐತಿ, ಎಲೆಕ್ಷನ್ ಮುಗಿಯೂತನಕ ಕೆಲಸಕ್ಕ ಕೈ ಹಚ್ಚಿದ್ರ ಕಂಪ್ಲೇಂಟ್ ಕೊಡ್ತೀನಿ ಅಂತೀನಿ. ಅವನಿಗೆ ನನಗಿಂತ ಕಾಯ್ದೇದ ಅಂಜಿಕಿ ಜಾಸ್ತಿ” ಎಂದು ಟೋಪಿ ಹಾಕಿಕೊಂಡು ಹೊರಟರು.

ಅವರು ಹೋದ ಮೇಲೆ ನಾನು ನನಗೆ ಬರುವ ಒಂದೇ ವಿದ್ಯೆಯನ್ನು ಬಳಸಿದೆ: ಎರಡು ಪಾಠಗಳನ್ನು ಅಕ್ಕಪಕ್ಕ ಇಟ್ಟು ಓದುವುದು. ಯಂತ್ರದೊಳಗೆ ಲೆಕ್ಕ ಮಾಡುವ ಪ್ರೊಸೆಸರ್ ಬಂದಿದ್ದ ರಟ್ಟಿನ ಡಬ್ಬಿ ಅಡುಗೆಮನೆಯಲ್ಲಿ ಏಲಕ್ಕಿ ಲವಂಗ ತುಂಬಿಕೊಂಡು ಕೂತಿತ್ತು. ಅದರ ಮೇಲೆ ಅಚ್ಚಾದ ವೇಗ ಸಾವಿರದ ಎಂಟುನೂರು ಮೆಗಾಹರ್ಟ್ಸ್. ಯಂತ್ರ ಚಾಲೂ ಆಗುವಾಗ ಕ್ಷಣಮಾತ್ರ ಕಾಣುವ ಕಪ್ಪು ಪರದೆಯ ಮೇಲೆ ಬರೆದ ವೇಗ ಎರಡು ಸಾವಿರದ ಇನ್ನೂರು. ಮೂರು ಸಲ ಬಂದ್ ಮಾಡಿ ಚಾಲೂ ಮಾಡಿ, ಕನ್ನಡಕ ಒರೆಸಿಕೊಂಡು ಓದಿದೆ. ಸಂದೇಹವಿಲ್ಲ. ಡಬ್ಬಿಯ ಪಾಠ ಒಂದು, ಒಳಗಿನ ಪಾಠ ಇನ್ನೊಂದು. ಗಂಗಾವತಿಗೆ ಫೋನು ಮಾಡಿ, “ಇವತ್ತ ಬಾ” ಎಂದಷ್ಟೇ ಹೇಳಿ ಇಟ್ಟೆ.

ವೀರೇಶ ಸಂಜೆ ಮೋಟರ್ ಸೈಕಲ್ಲಿನಲ್ಲಿ ಬಂದ. ಅಕ್ಕನಿಗೆಂದು ಒಂದು ಚೀಲ ಸೋನಾ ಮಸೂರಿ ತಂದಿದ್ದ. ನಾನು ಅಕ್ಕಿಯನ್ನು ನೋಡಲೂ ಇಲ್ಲ. ಡಬ್ಬಿಯನ್ನು ಅವನ ಮುಂದೆ ಹಿಡಿದೆ. ಎರಡು ಲವಂಗ ಕೆಳಗೆ ಬಿದ್ದವು.

“ಇದರಾಗ ಹದಿನೆಂಟು ನೂರು ಐತಿ. ಒಳಗ ಇಪ್ಪತ್ತೆರಡು ನೂರು ಹೆಂಗ ಬಂತು?”

ಅವನು ನಾಚಿಕೊಳ್ಳಲಿಲ್ಲ. ಮುಖ ಅರಳಿತು. “ಕಂಡು ಹಿಡದ್ರೇನು! ಹೇಳಬಾರ್ದು ಅಂತ ಸುಮ್ನಿದ್ದೆ ಮಾವಾರ. ಇದಕ್ಕ ಓವರ್‌ಕ್ಲಾಕಿಂಗ್ ಅಂತಾರ. ಕಂಪನಿಯವರು ಬೇಕಂತ ಕಮ್ಮಿ ಬರದಿರತಾರ್ರಿ, ಒಳಗ ತಾಕತ್ತು ಇದ್ದೇ ಇರತೈತಿ. ಯಾರಿಗೂ ಮಾಡಿ ಕೊಡಂಗಿಲ್ಲ ನಾನು. ನಿಮ್ಮದು ದೊಡ್ಡ ಲೆಕ್ಕದ ಕೆಲಸ ಅಂತ, ನಿಮಗಂತನ, ವೋಲ್ಟೇಜ್ ಜರಾ ಏರಿಸಿ ಜೋರ್ ಮಾಡೀನಿ.”

“ಯಾರು ಕೇಳಿದ್ರು ನಿನಗ ಜೋರು?”

“ಕೇಳಬೇಕೇನ್ರಿ? ಮನಿ ಮಂದಿಗೆ ಬ್ಯಾರೇದವ್ರಿಗೆ ಕೊಟ್ಟಂಗ ಕೊಡಾಕ ಆಗತೈತೇನ್ರಿ? ಡಿಸೆಂಬರದಾಗ ಇಡೀ ದಿನ ಓಡಿಸಿ ನೋಡೀನಿ, ಒಂದ ಸಲ ನಿಂತಿಲ್ಲ. ನಮ್ಮಪ್ಪ ಐದರ ಮೋಟರಿಗೆ ಏಳೂವರಿ ಕಟ್ಟತಿದ್ದ, ಒಬ್ಬ ರೈತ ಬೈದಿಲ್ಲ.”

“ಯಾಕ ಬೈತಾರೋ? ಸುಟ್ಟ ಮ್ಯಾಲ ಮತ್ತ ನಿಮ್ಮಪ್ಪನ ಅಂಗಡಿಗೇ ತರತಿದ್ರಲ್ಲ!”

ಅಡುಗೆಮನೆಯಿಂದ ಗಿರಿಜೆ ಹೊರಬಂದಳು. “ನಮ್ಮಪ್ಪನ್ನ ಯಾಕ ನಡುವ ಎಳೀತೀರಿ? ಅವ ಕಟ್ಟಿದ ಮೋಟರು ಇನ್ನೂ ನೀರ ಎತ್ತಾಕ ಹತ್ತ್ಯಾವ. ನಿಮ್ಮ ಪುಸ್ತಕ ಯಾರ ಹೊಲಕ್ಕ ನೀರ ಬಿಟ್ಟಾವು?”

ಈ ಪ್ರಶ್ನೆಗೆ ಉತ್ತರಿಸುವುದನ್ನು ನಾನು ಇಂದಿನವರೆಗೂ ಮುಂದೂಡುತ್ತ ಬಂದಿದ್ದೇನೆ. ಆ ಸಂಜೆ ಮಾತ್ರ ದನಿಯೇರಿಸಿ ಬೇರೆಯದನ್ನೇ ಹೇಳಿದೆ. ಪಂಪು ಹೆಚ್ಚು ನೀರೆತ್ತಿದರೆ ಅದು ನೀರೇ. ಈ ಯಂತ್ರ ಹೆಚ್ಚು ಬೇಗ ಎತ್ತುತ್ತಿರುವುದು ಸುಳ್ಳನ್ನು. ಒಂದು ಕಲ್ಲಿನ ಹಣೆಬರಹ ಅದರ ಬಾಯಲ್ಲಿದೆ. ಅದು ಹೇಳಿದ ಬುಧವಾರವನ್ನು ನಂಬಿ ಕಾಗದ ಬರೆದುಕೊಟ್ಟಿದ್ದರೆ, ಒಬ್ಬ ಮುದುಕ ಹೊಲಹೊಲ ಅಲೆದು ಹುಡುಕಿದ ದಾಖಲೆಯ ಮೇಲೆ ಊರಿನ ದನಗಳು ನಡೆದಾಡುತ್ತಿದ್ದವು. ನನಗೆ ಏನು ಅವಸರವಿತ್ತು? ಶತಮಾನಗಳ ಹಿಂದಿನ ದಿನವನ್ನು ನಾಲ್ಕು ನಿಮಿಷ ಬೇಗ ತಿಳಿದುಕೊಂಡು ನಾನು ಯಾವ ಬಸ್ಸು ಹಿಡಿಯಬೇಕಿತ್ತು? ವೇಗ ಬೇಕಾದವರು ಕೇಳಿ ಮಾಡಿಸಿಕೊಳ್ಳಲಿ. ಕೇಳದವನ ಯಂತ್ರದ ಒಳಹೊಕ್ಕು, ಪ್ರೀತಿಯ ಹೆಸರಿನಲ್ಲಿ ಅದನ್ನು ಸುಳ್ಳುಗಾರನನ್ನಾಗಿ ಮಾಡುವ ಅಧಿಕಾರವನ್ನು ಯಾರು ಕೊಟ್ಟರು?

ವೀರೇಶ ತಲೆ ತಗ್ಗಿಸಿದ್ದ. “ಬ್ಯಾಸಗ್ಯಾಗ ಇಷ್ಟು ಕಾದು ಲೆಕ್ಕಾನೂ ತಪ್ಪತೈತಿ ಅಂತ ಅನಕೊಂಡಿರಲಿಲ್ಲ. ಕಲ್ಲಿಂದೂ ಗೊತ್ತಿರಲಿಲ್ಲರಿ ಮಾವಾರ” ಎಂದ. ಆಮೇಲೆ, ಊಟಕ್ಕೂ ಕೂಡದೆ, ಯಂತ್ರವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಹಿಂದಿನ ಸೀಟಿಗೆ ಕಟ್ಟಿಕೊಂಡು ಗಂಗಾವತಿಗೆ ಒಯ್ದ. ಮುಚ್ಚಳವನ್ನು ಕೇಳುವ ಧೈರ್ಯ ಅವನಿಗೂ ಬರಲಿಲ್ಲ. ಅದರ ಮೇಲೆ ಸಂಡಿಗೆ ಅರ್ಧ ಒಣಗಿತ್ತು. ಗಿರಿಜೆ ಎರಡು ದಿನ ನನ್ನೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಚುನಾವಣೆ ಮುಗಿದು ಗ್ರಂಥಾಲಯ ತೆರೆಯಿತು. ನನ್ನ ಪುಸ್ತಕಗಳನ್ನು ನಾನೇ ರುಜು ಹಾಕಿ ಎರವಲು ತಂದೆ. ಅವುಗಳ ಮೊದಲ ಪುಟದಲ್ಲಿ ನನ್ನ ಹೆಸರಿನ ಮೇಲೆಯೇ ಅವರ ಮೊಹರು ಬಿದ್ದಿತ್ತು. ಪೆನ್ಸಿಲ್, ಹಳೆಯ ಕಾಗದದ ಬೆನ್ನು, ಭೂತಗನ್ನಡಿ. ಕೂಡಿದೆ, ಕಳೆದೆ, ತಪ್ಪಿದೆ, ಮತ್ತೆ ಕೂಡಿದೆ. ಮೇ ೨ರ ಮಧ್ಯಾಹ್ನ ಲೆಕ್ಕ ಮುಗಿಯಿತು. ಇನ್ನೊಂದು ಕ್ರಮದಿಂದ ತಾಳೆ ನೋಡಿದೆ. ಮಾಸ್ತರರ ತಿಥಿ ಬಿದ್ದದ್ದು ಆದಿವಾರವೇ. ಸಂಕ್ರಾಂತಿಯೂ ಸರಿಹೊಂದಿತು. ಲಿಪಿ ತುಸು ಈಚಿನದಾದರೂ ಸಾಚಾ ದಾಖಲೆಯ ಪ್ರತಿಯೆಂದು ಸ್ಪಷ್ಟವಾಗಿ ಬರೆದು, ರುಜು ಹಾಕಿ, ಮರುದಿನವೇ ಹುಲಿಹೈದರಕ್ಕೆ ಕಳಿಸಿದೆ. ಗಟಾರದ ಮೇಲೆ ಸಿಮೆಂಟಿನ ಹಲಗೆ ಬಿತ್ತು, ಕಲ್ಲು ಶಾಲೆಯ ಅಂಗಳದಲ್ಲಿ ಎದ್ದುನಿಂತಿತು. ಯಂತ್ರ ಆ ತಿಂಗಳ ಕೊನೆಗೆ ಹಿಂತಿರುಗಿತು, ಹದಿನೆಂಟು ನೂರರ ವೇಗದಲ್ಲಿ. ಹಳೆಯ ತಿಥಿಗಳನ್ನೆಲ್ಲ ಅದರಲ್ಲಿ ಮತ್ತೆ ಲೆಕ್ಕ ಹಾಕಿದೆ. ಆ ಮಳೆಗಾಲ ಅದರಲ್ಲೇ ಹೋಯಿತು.

ಹುಲಿಹೈದರಕ್ಕೆ ನಾನು ಹೋಗಲು ಸಾಧ್ಯವಾದದ್ದು ಮುಂದಿನ ವರ್ಷ. ಕಲ್ಲು ಗಟ್ಟಿಯಾಗಿ ನಿಂತಿತ್ತು. ಅದರ ಪಕ್ಕದಲ್ಲಿ ಮಾಸ್ತರರು ತಮ್ಮ ಖರ್ಚಿನಿಂದ ನೆಡಿಸಿದ ಕರಿಯ ಗ್ರಾನೈಟಿನ ಫಲಕ. ಚಿನ್ನದ ಬಣ್ಣದ ಅಕ್ಷರಗಳಲ್ಲಿ ಹೀಗೆ ಕೊರೆಸಿದ್ದರು: “ಈ ಪ್ರಾಚೀನ ಶಾಸನವನ್ನು ದಿನಾಂಕ ೨-೫-೨೦೦೪ರಂದು ಅತಿವೇಗದ ಗಣಕಯಂತ್ರದಿಂದ ಪರೀಕ್ಷಿಸಿ ಸತ್ಯವೆಂದು ದೃಢಪಡಿಸಲಾಯಿತು.”

ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಮಾಸ್ತರರು ಪಕ್ಕದಲ್ಲಿ ಸಂಕೋಚವಿಲ್ಲದೆ ನಿಂತಿದ್ದರು. “ಸರ್ರ, ಪೆನ್ಸಿಲ್ ಹಿಡದು ಕೈಲೆ ಲೆಕ್ಕ ಹಾಕ್ಯಾರ ಅಂದ್ರ ಊರಾಗ ಯಾರ್ ನಂಬ್ತಾರ್ರಿ? ಕಂಪ್ಯೂಟರ ಹೇಳೈತಿ ಅಂದೆ, ಕಾಂಟ್ರಾಕ್ಟರ ತಾನ ಬಂದು ಕಲ್ಲು ಎತ್ತಿ ನಿಲ್ಲಿಸಿಕೊಟ್ಟ” ಎಂದರು. ಶಾಲೆಯ ಮಕ್ಕಳು ಫಲಕವನ್ನು ಗಟ್ಟಿಯಾಗಿ ಓದಿ ತೋರಿಸಿದರು. ಒಂದಕ್ಷರವೂ ತಪ್ಪಲಿಲ್ಲ.

ಮೇ ೨, ೨೦೦೪, ಆದಿವಾರ. ಅಂದು ಆ ಯಂತ್ರ ಗಂಗಾವತಿಯ ಅಂಗಡಿಯ ಮೇಜಿನ ಮೇಲೆ ಬಿಚ್ಚಿದ ಸ್ಥಿತಿಯಲ್ಲಿತ್ತು. ಲೆಕ್ಕ ಹಾಕಿದ್ದು ನನ್ನ ಕೈ. ಇದಕ್ಕೆ ಸಾಕ್ಷಿ ನನ್ನ ನೆನಪು ಮಾತ್ರ. ಲೆಕ್ಕದ ಹಾಳೆಗಳು ಮನೆಯಲ್ಲಿ ಉಳಿದಿಲ್ಲ. ಎದುರು ಪಕ್ಷದಲ್ಲಿರುವುದು ಘಟನೆಯ ಸಮಕಾಲೀನವಾದ, ಸ್ಥಳದಲ್ಲಿಯೇ ಇರುವ, ದಿನಾಂಕಸಹಿತವಾದ, ಕಲ್ಲಿನ ಮೇಲೆ ಕೊರೆದ ಲೇಖ. ಮುದುಕನೊಬ್ಬನ ನೆನಪಿಗೂ ಇಂಥ ಲೇಖಕ್ಕೂ ವಿರೋಧ ಬಂದಾಗ ಯಾವುದನ್ನು ಪ್ರಮಾಣವೆಂದು ಹಿಡಿಯಬೇಕೆಂಬುದನ್ನು ನಾನು ಮೂರು ದಶಕ ವಿದ್ಯಾರ್ಥಿಗಳಿಗೆ ಬೋಧಿಸಿದ್ದೇನೆ. ಅವರು ಅದನ್ನು ಮರೆತಿರಲಾರರು.